ಹತ್ತೊಂಬತ್ತು ದಿನ ಬದುಕಿ ಸತ್ತ ಕಾಪರ್‌ಬ್ಯಾಂಡ್ ಪಾತರಗಿತ್ತಿ ಮೀನು: ನಾನು ತಪ್ಪಿದ್ದೆಲ್ಲಿ?

ಕೆಲಗೇರಿ_ದಂಡೆ, ಧಾರವಾಡ

ಎಲ್ಲರಿಗೂ ನಮಸ್ಕಾರ. ಹದಿನೈದು ವರ್ಷಗಳಿಂದ ಮನೆಯಲ್ಲಿ ಸಿಹಿನೀರಿನ ಮೀನುಗಳನ್ನು ಸಾಕುತ್ತ ಬಂದ ನಾನು ಕಳೆದ ವರ್ಷ ಧೈರ್ಯ ಮಾಡಿ ಉಪ್ಪುನೀರಿನ ತೊಟ್ಟಿಯೊಂದನ್ನು ಕಟ್ಟಿಸಿದೆ. ಅದು ಮೂರು ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರವಿದೆ. ಲೆಕ್ಕದ ಪ್ರಕಾರ 190 ಲೀಟರ್ ಹಿಡಿಯಬೇಕು. ಸೆರಾಮಿಕ್ ಕಲ್ಲು, ಮರಳು ಹಾಕಿದ ಮೇಲೆ ನೀರು 160 ಲೀಟರ್ ಇದ್ದೀತು. ಎಂಟು ತಿಂಗಳಿಂದ ಎರಡು ಕ್ಲೌನ್ ಮೀನುಗಳೂ ಒಂದು ನೀಲಿ ಡ್ಯಾಮ್ಸೆಲ್ ಮೀನೂ ಅದರಲ್ಲಿ ತಂಟೆ ತಕರಾರಿಲ್ಲದೆ ಬದುಕಿವೆ.

ಕಲ್ಲಿನ ಮೇಲೆ ಕಂದು ಬಣ್ಣದ ಐಪ್ಟೇಸಿಯಾಗಳು, ಅಂದರೆ ಕಳೆಯಂತೆ ಹಬ್ಬುವ ಆ ಸಣ್ಣ ಹೂಪ್ರಾಣಿಗಳು, ನಾಲ್ಕಾರು ಕಾಣಿಸಿಕೊಂಡಾಗ, ಕಾಪರ್‌ಬ್ಯಾಂಡ್ ಪಾತರಗಿತ್ತಿ ಮೀನು ತಂದರೆ ಅವನ್ನೆಲ್ಲ ತಿಂದು ಮುಗಿಸುತ್ತದೆ ಎಂದು ಅಂಗಡಿಯವರು ಹೇಳಿದರು. ಬೆಳ್ಳಿಯ ಮೈಮೇಲೆ ಕಿತ್ತಳೆ ಪಟ್ಟೆ, ಉದ್ದ ಮೂತಿ, ಬೆನ್ನಿನ ರೆಕ್ಕೆಯ ತುದಿಯಲ್ಲಿ ಕಣ್ಣಿನಂಥ ಕಪ್ಪು ಚುಕ್ಕೆ ಇರುವ ಆ ಮೀನನ್ನು ಚಿತ್ರದಲ್ಲಿ ನೋಡಿದವರು ಬೇಡವೆನ್ನುವುದು ಕಷ್ಟ, ನಾನೂ ಎನ್ನಲಿಲ್ಲ. ಪಾರ್ಸೆಲ್ಲಿನಲ್ಲಿ ಬಂದ ಮೀನು ಸುಮಾರು ನಾಲ್ಕು ಇಂಚು ಇತ್ತು. ಮೊದಲ ಮೂರು ದಿನ ಕಲ್ಲಿನ ಹಿಂದೆಯೇ ನಿಂತಿತ್ತು. ನಾಲ್ಕನೆಯ ದಿನ ಹೊರಬಂದು ಇಡೀ ದಿನ ಕಲ್ಲನ್ನು ಕುಕ್ಕುತ್ತ ತಿರುಗಿತು; ನಾನು ಅದನ್ನು ಊಟವೆಂದೇ ತಿಳಿದೆ. ಹಾಳೆಯಂಥ ಒಣ ತಿನಿಸನ್ನು ಮೂಸಲಿಲ್ಲ, ಗುಳಿಗೆಯನ್ನು ಮುಟ್ಟಲಿಲ್ಲ, ಹೆಪ್ಪುಗಟ್ಟಿಸಿದ ಆರ್ಟೀಮಿಯಾ, ಅಂದರೆ ಸೀಗಡಿಯಂಥ ಪುಟ್ಟ ಜೀವಿಗಳು, ಎದುರಿಗೆ ತೇಲಿ ಬಂದರೂ ನೋಡಿ ಬಿಟ್ಟುಬಿಟ್ಟಿತು. ಐಪ್ಟೇಸಿಯಾವನ್ನೂ ತಿನ್ನಲಿಲ್ಲ. ಹತ್ತು ದಿನಗಳಲ್ಲಿ ಹೊಟ್ಟೆ ಒಳಗೆ ಸೇರಿತು. ಹತ್ತೊಂಬತ್ತನೆಯ ದಿನ ಬೆಳಿಗ್ಗೆ ದೀಪ ಹಾಕಿದಾಗ ಪಂಪಿನ ಜಾಲರಿಗೆ ಒರಗಿಕೊಂಡಿತ್ತು.

ನೀರಿನ ಅಂಕಿಗಳು ಹೀಗಿವೆ: ಉಷ್ಣತೆ 26 ಡಿಗ್ರಿ, ಸಾಂದ್ರತೆ 1.025, ಪಿಎಚ್ 8.1, ಅಮೋನಿಯಾ ಮತ್ತು ನೈಟ್ರೈಟ್ ಸೊನ್ನೆ, ನೈಟ್ರೇಟ್ 15. ಉಪ್ಪು ಡಬ್ಬಿಯಲ್ಲಿ ಬರುವ ಸಿದ್ಧ ಸಮುದ್ರ ಉಪ್ಪು. ಅದನ್ನು ಅಡುಗೆಮನೆಯ ಆರ್‌ಒ ನೀರಿನಲ್ಲಿ ಕಲಸುತ್ತೇನೆ. ಹೊಂದಿಕೆಯಾಗದ ಸಂಗತಿ ಒಂದೇ: ಪಾಚಿ ತಿನ್ನಲೆಂದು ಮೂರು ಸಲ ತಂದ ಬಸವನಹುಳುಗಳು ಪ್ರತಿ ಸಲವೂ ವಾರದೊಳಗೆ ಸತ್ತವು. ಅವು ಬರುವಾಗಲೇ ಸೊರಗಿದ್ದಿರಬೇಕೆಂದು ಸುಮ್ಮನಾದೆ.

ನೀರಿನಲ್ಲಿ ದೋಷವಿದೆಯೋ, ತಿನಿಸಿನಲ್ಲೋ? ಇದೇ ಕುಟುಂಬದಲ್ಲಿ ನನ್ನಂಥವನ ಕೈಯಲ್ಲಿ ಬದುಕುವ ಬೇರೆ ಮೀನು ಇದೆಯೋ? ಇಷ್ಟೆಲ್ಲ ರಗಳೆ ಬಿಟ್ಟು ಕಾರವಾರದಿಂದ ಸಮುದ್ರದ ನೀರನ್ನೇ ಕ್ಯಾನುಗಳಲ್ಲಿ ತಂದರೆ ಹೇಗೆ? ಅನುಭವಿಗಳು ತಿಳಿಸಿದರೆ ಉಪಕಾರವಾಗುತ್ತದೆ.

ಉಣಕಲ್_ಉಪ್ಪುನೀರು, ಹುಬ್ಬಳ್ಳಿ

ನಿಮ್ಮ ಬರಹವನ್ನು ಎರಡು ಸಲ ಓದಿದೆ. ನೀವು ಕೊಟ್ಟ ಅಂಕಿಗಳಲ್ಲಿ ಮೀನನ್ನು ಕೊಲ್ಲುವಂಥದ್ದು ಯಾವುದೂ ನನಗೆ ಕಾಣುತ್ತಿಲ್ಲ. ನಿಮ್ಮ ಮೀನು ಹಸಿವಿನಿಂದ ಸತ್ತಿದೆ. ಹೀಗೆ ನೇರವಾಗಿ ಬರೆಯುವುದಕ್ಕೆ ಬೇಸರಪಡಬೇಡಿ; ನನ್ನ ಮೊದಲನೆಯ ಕಾಪರ್‌ಬ್ಯಾಂಡೂ ಹಾಗೆಯೇ ಸತ್ತಿತು, ಎರಡನೆಯದೂ ಹಾಗೆಯೇ. ಮೂರನೆಯದು ಈಗ ನಾಲ್ಕನೆಯ ವರ್ಷದಲ್ಲಿದೆ.

ಈ ಕುಟುಂಬಕ್ಕೆ ಶಾಸ್ತ್ರದಲ್ಲಿ ಕೀಟೊಡಾಂಟಿಡೇ ಎಂಬ ಹೆಸರಿದೆ. ಗ್ರೀಕ್ ಮೂಲದ ಆ ಮಾತಿಗೆ ಕೂದಲಿನಂಥ ಹಲ್ಲುಳ್ಳದ್ದು ಎಂದರ್ಥ, ಮತ್ತು ಈ ಮೀನುಗಳ ಬದುಕೆಲ್ಲ ಆ ಹೆಸರಿನಲ್ಲೇ ಅಡಗಿದೆ. ಬ್ರಷ್ಷಿನಂತೆ ಒತ್ತಾಗಿರುವ ಸಣ್ಣ ಹಲ್ಲುಗಳಿಂದ ಅವು ಕಲ್ಲಿನ ಸಂದುಗಳಲ್ಲಿ ಕೊಳವೆ ಹುಳು, ಎಳೆಯ ಸೀಗಡಿ, ಹೂಪ್ರಾಣಿಗಳ ಎಸಳು ಮುಂತಾದವನ್ನು ಬೆಳಗಿನಿಂದ ಸಂಜೆಯವರೆಗೆ ಒಂದೊಂದು ಚೂರಾಗಿ ಕಿತ್ತು ತಿನ್ನುತ್ತವೆ. ತಟ್ಟೆಯನ್ನು ಅಂಚಿನ ಮೇಲೆ ನಿಲ್ಲಿಸಿದಂಥ ಆ ತೆಳ್ಳನೆಯ ಮೈಯಲ್ಲಿ ಕೂಡಿಟ್ಟ ಕೊಬ್ಬು ಬಹಳ ಇರುವುದಿಲ್ಲ. ಇನ್ನು ಅದು ನಿಮ್ಮ ಮನೆಗೆ ಬಂದ ದಾರಿಯನ್ನು ನೆನೆಯಿರಿ. ಸಮುದ್ರದಲ್ಲಿ ಹಿಡಿದವನು, ಕೂಡಿಹಾಕಿದವನು, ದೂರದ ಊರಿಗೆ ಕಳಿಸಿದವನು, ಕೊನೆಗೆ ಅಂಗಡಿಯವನು, ಹೀಗೆ ಕೈಯಿಂದ ಕೈಗೆ ದಾಟುವಾಗಲೆಲ್ಲ ಚೀಲದ ನೀರು ಕೆಡಬಾರದೆಂದು ಅದನ್ನು ಉಪವಾಸ ಕೆಡವಿರುತ್ತಾರೆ. ಧಾರವಾಡಕ್ಕೆ ಬಂದು ಇಳಿಯುವ ಹೊತ್ತಿಗೆ ಅದರ ಹಸಿವಿಗೆ ಎಷ್ಟು ದಿನ ತುಂಬಿತ್ತೋ ಯಾರಿಗೆ ಗೊತ್ತು; ನಿಮ್ಮ ಹತ್ತೊಂಬತ್ತು ದಿನಗಳ ಲೆಕ್ಕ ಶುರುವಾಗಿದ್ದು ಅದಾದ ಮೇಲೆ.

ಕಲ್ಲನ್ನು ಕುಕ್ಕುತ್ತಿತ್ತು ಎಂದು ನೀವು ಬರೆದ ಸಾಲಿನ ಮೇಲೆಯೇ ನನ್ನ ಗಮನ ನಿಂತಿತು. ಕುಕ್ಕುವುದು ಹುಡುಕಾಟ ಮಾತ್ರ. ಹೊಸ ಸೆರಾಮಿಕ್ ಕಲ್ಲಿನ ತೊಟ್ಟಿಯಲ್ಲಿ, ಅದೂ ಎಂಟೇ ತಿಂಗಳಿನದರಲ್ಲಿ, ಅದಕ್ಕೆ ಸಿಗುವಂಥದ್ದು ಹೆಚ್ಚೇನೂ ಇರುವುದಿಲ್ಲ. ಐಪ್ಟೇಸಿಯಾವನ್ನು ಎಲ್ಲ ಕಾಪರ್‌ಬ್ಯಾಂಡ್‌ಗಳೂ ತಿನ್ನುವುದಿಲ್ಲ. ತಿಂದರೂ ನಾಲ್ಕಾರು ಹೂಪ್ರಾಣಿಗಳು ಎರಡು ದಿನದ ಬುತ್ತಿ. ಕಳೆ ಕೀಳಲೆಂದು ಎತ್ತನ್ನು ಕೊಂಡು ತಂದು, ಕಳೆ ಮುಗಿದ ಮೇಲೆ ಮೇವಿಗೆ ಪರದಾಡುವ ವ್ಯವಹಾರವಿದು.

ಮುಂದಿನ ಸಲ ಹೀಗೆ ಮಾಡಿ. ಪಾರ್ಸೆಲ್ಲಿನಲ್ಲಿ ತರಿಸಬೇಡಿ. ಅಂಗಡಿಗೆ ನೀವೇ ಹೋಗಿ, ನಿಮ್ಮೆದುರಿಗೇ ತಿನಿಸು ಹಾಕಲು ಹೇಳಿ, ಮೀನು ತಿಂದು ನುಂಗುವುದನ್ನು ಕಣ್ಣಾರೆ ನೋಡಿ. ಆಮೇಲೆ ಅದನ್ನು ಪಕ್ಕದಿಂದಲ್ಲ, ಎದುರಿನಿಂದ ನೋಡಿ. ತಲೆಯ ಹಿಂದೆ, ಬೆನ್ನು ಶುರುವಾಗುವ ಕಡೆ, ಎರಡೂ ಬದಿಯಲ್ಲಿ ಹಳ್ಳ ಬಿದ್ದಿದ್ದರೆ ಆ ಮೀನು ಆಗಲೇ ತನ್ನ ಸ್ನಾಯುವನ್ನೇ ಕರಗಿಸಿ ತಿನ್ನತೊಡಗಿದೆ ಎಂದರ್ಥ. ಅಂಥದ್ದು ಚೇತರಿಸಿಕೊಳ್ಳುವುದು ಅಪರೂಪ. ಬರೀ ಹೊಟ್ಟೆ ಒಳಸೇರಿದ್ದರೆ ಇನ್ನೂ ಆಸೆಯಿದೆ. ಮೂರು ಇಂಚಿಗಿಂತ ಚಿಕ್ಕದೂ ಬೇಡ, ಆರು ಇಂಚಿಗಿಂತ ದೊಡ್ಡದೂ ಬೇಡ.

ಮನೆಗೆ ತಂದ ಮೇಲೆ ನನ್ನ ಕೈಹಿಡಿದ ತಿನಿಸು ಒಂದೇ, ಚಿಪ್ಪು ತೆರೆದ ನೀಲಿಕಲ್ಲು. ಕುಮಟಾ, ಹೊನ್ನಾವರದ ಕಡೆಯವರಿಗೆ ನೀಲಿಕಲ್ಲು, ಬಳಚು ಎಂದರೆ ವಿವರಿಸಬೇಕಾಗಿಲ್ಲ. ನಮ್ಮ ಬಯಲುಸೀಮೆಯವರಿಗೆ ಹೇಳಬೇಕೆಂದರೆ, ಎರಡು ಚಿಪ್ಪಿನ ನಡುವೆ ಮಾಂಸವಿರುವ ಸಮುದ್ರದ ಪ್ರಾಣಿಗಳು ಅವು. ಒಂದನ್ನು ಚಾಕುವಿನಿಂದ ಬಿಡಿಸಿ, ಮಾಂಸ ಅಂಟಿಕೊಂಡಿರುವ ಅರ್ಧ ಚಿಪ್ಪನ್ನು ಕಲ್ಲಿನ ಸಂದಿಗೆ ಸಿಕ್ಕಿಸಿ, ಪಂಪು ನಿಲ್ಲಿಸಿ, ದೂರ ಹೋಗಿ ಕುಳಿತುಕೊಳ್ಳಬೇಕು. ನನ್ನ ಮೂರನೆಯ ಮೀನು ಎರಡು ದಿನ ಚಿಪ್ಪಿನ ಸುತ್ತ ಸುತ್ತಿತಷ್ಟೇ. ಮೂರನೆಯ ದಿನ ಸಂಜೆ ಹತ್ತಿರ ಬಂತು, ಮೈ ವಾರೆ ಮಾಡಿ ಒಂದು ಕಣ್ಣಿನಿಂದ ನೋಡಿತು, ಹಿಂದೆ ಸರಿಯಿತು, ಮತ್ತೆ ಬಂದು ಮೂತಿಯನ್ನು ಮಾಂಸ ಮತ್ತು ಚಿಪ್ಪಿನ ನಡುವೆ ತೂರಿಸಿ ಒಮ್ಮೆ ಜಗ್ಗಿತು. ಕಿತ್ತಳೆ ಬಣ್ಣದ ಎಳೆಯೊಂದು ಬಾಯಿಗೆ ಬಂತು. ಉಗುಳಿತು. ಮತ್ತೆ ಹಿಡಿಯಿತು, ಮತ್ತೆ ಉಗುಳಿತು. ಮೂರನೆಯ ಸಲ ಎಳೆ ಹೊರಗೆ ಬರಲಿಲ್ಲ. ಒಲೆಯ ಮೇಲೆ ಹಾಲಿಟ್ಟಿದ್ದು ಮರೆತು ನಿಂತಿದ್ದ ನನಗೆ ಅಡುಗೆಮನೆಯಿಂದ ಬಂದ ಸೀದ ವಾಸನೆ ಇವತ್ತಿಗೂ ನೆನಪಿದೆ. ಒಂದು ವಾರ ಚಿಪ್ಪಿನಲ್ಲೇ ಉಣಿಸಿ, ಆಮೇಲೆ ಅದೇ ಚಿಪ್ಪಿನೊಳಗೆ ನೀಲಿಕಲ್ಲಿನ ಜೊತೆ ಮೈಸಿಸ್ ಸೀಗಡಿಯನ್ನು ಅರೆದು ಮೆತ್ತಿದೆ. ದಿನದಿನಕ್ಕೆ ನೀಲಿಕಲ್ಲು ಕಡಿಮೆ ಮಾಡುತ್ತ, ಮೈಸಿಸ್ ಹೆಚ್ಚು ಮಾಡುತ್ತ ಹೋದೆ. ತಿಂಗಳೊಪ್ಪತ್ತಿನಲ್ಲಿ ನೀರಿನಲ್ಲಿ ತೇಲುವ ಮೈಸಿಸ್ಸನ್ನೂ ಹಿಡಿಯುವುದಕ್ಕೆ ಕಲಿಯಿತು. ವರ್ಷವಿಡೀ ಬರೀ ಹಸಿ ಚಿಪ್ಪಿನ ಮಾಂಸವನ್ನೇ ಕೊಡಬಾರದು; ಅದರಲ್ಲಿರುವ ಥಯಾಮಿನೇಸ್ ಎಂಬ ಕಿಣ್ವ ವಿಟಮಿನ್ ಬಿ1 ಅನ್ನು ಒಡೆಯುತ್ತದೆ.

ದಿನಕ್ಕೆ ಮೂರು ಸಲವಾದರೂ, ಸ್ವಲ್ಪ ಸ್ವಲ್ಪವೇ, ತಿನಿಸಬೇಕು. ಅಷ್ಟು ತಿನಿಸಿದರೆ ನೀರು ಬೇಗ ಕೊಳೆಯಾಗುತ್ತದೆ, ಆ ಕೊಳೆಯನ್ನು ತಡೆದುಕೊಳ್ಳಲು ನೀರು ಹೆಚ್ಚಿರಬೇಕು. ಪೂರ್ತಿ ಬೆಳೆದ ಕಾಪರ್‌ಬ್ಯಾಂಡ್ 20 ಸೆಂಟಿಮೀಟರ್ ಮುಟ್ಟುತ್ತದೆ. ಆದ್ದರಿಂದ ನಾಲ್ಕು ಅಡಿ ಉದ್ದ, ಎರಡು ಅಡಿ ಅಗಲ, ಎರಡು ಅಡಿ ಎತ್ತರಕ್ಕಿಂತ ಕಡಿಮೆ ತೊಟ್ಟಿಯಲ್ಲಿ, ಅಂದರೆ 450 ಲೀಟರಿಗಿಂತ ಕಡಿಮೆ ನೀರಿನಲ್ಲಿ, ಅದನ್ನು ಸಾಕಬಾರದೆಂಬುದು ನನ್ನ ಅಭಿಪ್ರಾಯ.

ಬೇರೆ ಜಾತಿಗಳ ಬಗ್ಗೆ ಕೇಳಿದ್ದೀರಿ. ಈ ಕುಟುಂಬದಲ್ಲಿ ಸುಮಾರು 130 ಜಾತಿಗಳಿವೆ. ಅಂಗಡಿಗೆ ಬರುವವುಗಳಲ್ಲಿ ಹಲವನ್ನು ಯಾರೂ ಕೊಳ್ಳಲೇಬಾರದು. ಆರ್ನಾಟಿಸಿಮಸ್, ಮೆಯೆರಿ, ಟ್ರೈಫ್ಯಾಸಿಯಾಲಿಸ್, ಆಕ್ಟೊಫ್ಯಾಸಿಯೇಟಸ್ ಎಂಬ ಹೆಸರುಗಳನ್ನು ಬರೆದಿಟ್ಟುಕೊಳ್ಳಿ. ಅವು ಜೀವಂತ ಹವಳವನ್ನೇ ತಿಂದು ಬದುಕುವಂಥವು. ಟ್ರೈಫ್ಯಾಸಿಯಾಲಿಸ್ ಅಂತೂ ಆಕ್ರೊಪೊರಾ ಎಂಬ ಒಂದೇ ಬಗೆಯ ಹವಳಕ್ಕೆ ಅಂಟಿಕೊಂಡಿರುತ್ತದೆ. ನಮ್ಮ ದೇಶದಲ್ಲಿ ಹವಳಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲನೆಯ ಅನುಸೂಚಿಯಲ್ಲಿವೆ. ಹವಳ ತಿನ್ನುವ ಮೀನಿಗೆ ಹವಳ ತಂದುಕೊಡುವ ಮಾತೇ ಏಳುವುದಿಲ್ಲ. ಸತ್ತ ಹವಳದ ತುಂಡನ್ನು ಕಲ್ಲೆಂದು ಮಾರುವವರಿಂದಲೂ ದೂರವಿರಿ. ಇದಕ್ಕೆ ಹೊರತಾಗಿ ರಕೂನ್, ಥ್ರೆಡ್‌ಫಿನ್, ಕ್ಲೈನಿ, ನಮ್ಮ ಅರಬ್ಬೀ ಸಮುದ್ರದಲ್ಲೇ ಇರುವ ಕೊಲಾರೆ ಇವು ತಿನಿಸಿನ ವಿಷಯದಲ್ಲಿ ಅಷ್ಟು ಹಟ ಮಾಡುವುದಿಲ್ಲ. ಉದ್ದ ಮೂತಿಯೇ ಬೇಕೆನ್ನುವವರಿಗೆ ಹಳದಿ ಬಣ್ಣದ ಫಾರ್ಸಿಪೈಗರ್ ಕಾಪರ್‌ಬ್ಯಾಂಡಿಗಿಂತ ಸಲೀಸು. ಆದರೆ ಇವುಗಳಲ್ಲಿ ಯಾವುದೂ ನಿಮ್ಮ ಮೂರು ಅಡಿಯ ತೊಟ್ಟಿಗಲ್ಲ.

ಭೀಷ್ಮಕೆರೆ, ಗದಗ

ಉಣಕಲ್ಲಿನವರು ಬರೆದದ್ದನ್ನು ಒಪ್ಪುತ್ತೇನೆ, ಆದರೆ ನೀರಿನಲ್ಲಿ ಏನೂ ಇಲ್ಲವೆಂದು ಅವರು ಬೇಗ ಕೈಬಿಟ್ಟರು ಎನ್ನಿಸುತ್ತದೆ. ಪ್ರಶ್ನೆ ಕೇಳಿದವರು ಕೊನೆಗೆ ಬರೆದ ಬಸವನಹುಳುಗಳ ಮಾತನ್ನು ಮತ್ತೊಮ್ಮೆ ಓದಿ. ಮೀನು ಬದುಕುವ ನೀರಿನಲ್ಲಿ ಮೂರು ಸಲ ತಂದ ಬಸವನಹುಳುಗಳು ಮೂರು ಸಲವೂ ವಾರದೊಳಗೆ ಸತ್ತರೆ ನನ್ನ ಮನಸ್ಸಿಗೆ ಮೊದಲು ಬರುವ ಹೆಸರು ತಾಮ್ರ. ಮೀನು ತಾಳಿಕೊಳ್ಳುವಷ್ಟು ತಾಮ್ರವನ್ನು ಬಸವನಹುಳು, ಸೀಗಡಿ, ಕೊಳವೆ ಹುಳುಗಳು ತಾಳಿಕೊಳ್ಳುವುದಿಲ್ಲ.

ನಿಮ್ಮ ಅಡುಗೆಮನೆಯ ಆರ್‌ಒ ಯಂತ್ರದ ಮುಂಭಾಗದಲ್ಲಿ ಏನು ಬರೆದಿದೆ ಎಂದು ದಯವಿಟ್ಟು ನೋಡಿ ತಿಳಿಸಿ. ಈಚೆಗೆ ಮನೆಗಳಿಗೆ ಬರುವ ಹಲವು ಯಂತ್ರಗಳಲ್ಲಿ ಆರೋಗ್ಯಕ್ಕೆ ಒಳ್ಳೆಯದೆಂದು ಕೊನೆಯ ಹಂತದಲ್ಲಿ ತಾಮ್ರ ಸೇರಿಸುವ ಕಾರ್ಟ್ರಿಜ್ ಇಟ್ಟಿರುತ್ತಾರೆ. ಅದು ಇಲ್ಲದಿದ್ದರೂ, ನೀರು ಸಪ್ಪೆಯಾಗಬಾರದೆಂದು ಸೋಸದ ನೀರನ್ನು ಸ್ವಲ್ಪ ಮರಳಿ ಬೆರೆಸುವ ತಿರುಪು ಇರುತ್ತದೆ. ಕುಡಿಯುವವರಿಗೆ ಎರಡರಿಂದಲೂ ತೊಂದರೆಯಿಲ್ಲ, ತೊಟ್ಟಿಗೆ ಎರಡೂ ಬೇಡ. ಇದರ ಕುತ್ತು ಇರುವುದು ಆವಿಯಲ್ಲಿ. ನಿಮ್ಮಷ್ಟು ತೊಟ್ಟಿಯಿಂದ ದಿನಕ್ಕೆ ಎರಡು ಮೂರು ಲೀಟರ್ ನೀರು ಆರಿಹೋಗುತ್ತದೆ, ಅಷ್ಟನ್ನೇ ನೀವು ಮತ್ತೆ ತುಂಬುತ್ತೀರಿ. ಆರಿಹೋಗುವುದು ಬರೀ ನೀರು. ಅದರಲ್ಲಿದ್ದದ್ದು ತೊಟ್ಟಿಯಲ್ಲೇ ಉಳಿಯುತ್ತದೆ. ಎಂಟು ತಿಂಗಳಲ್ಲಿ ನೀವು ತೊಟ್ಟಿಯ ಮೂರು ನಾಲ್ಕು ಪಟ್ಟು ನೀರನ್ನು ಹೀಗೆ ಮೇಲಿನಿಂದ ಸುರಿದಿದ್ದೀರಿ. ಒಂದಷ್ಟು ತಾಮ್ರ ಕಲ್ಲು, ಮರಳಿಗೆ ಅಂಟಿದ್ದೀತು, ಒಂದಷ್ಟು ನೀರು ಬದಲಿಸಿದಾಗ ಹೊರಗೆ ಹೋಗಿದ್ದೀತು, ಮಿಕ್ಕಿದ್ದು ಕೂಡುತ್ತಲೇ ಬಂದಿರುತ್ತದೆ.

ನನ್ನ ಊಹೆ ನಿಜವಾದರೆ ಎರಡು ಉತ್ತರಗಳೂ ಒಂದೇ ಆಗುತ್ತವೆ. ಕಲ್ಲಿನ ಸಂದಿಯಲ್ಲಿ ಹುಟ್ಟಬೇಕಾಗಿದ್ದ ಹುಳು ಹುಪ್ಪಡಿಗಳನ್ನು ತಾಮ್ರ ಉಳಿಸಲಿಲ್ಲ. ನಿಮ್ಮ ಮೀನು ಹದಿನೈದು ದಿನ ಬರಿಗಲ್ಲನ್ನು ಕುಕ್ಕಿತು. ಐಪ್ಟೇಸಿಯಾ ಹೇಗೆ ಬದುಕಿತೆಂದು ಕೇಳಬಹುದು. ಅದು ಯಾವುದಕ್ಕೂ ಜಗ್ಗದ ಪ್ರಾಣಿ, ಅದನ್ನು ಸಾಕ್ಷಿಯಾಗಿ ನಾನು ನಂಬುವುದಿಲ್ಲ.

ತಾಮ್ರ ಅಳೆಯುವ ಕಿಟ್ ಸಿಗುತ್ತದೆ, ತರಿಸಿ ನೋಡಿ. ತೊಟ್ಟಿಗೆಂದೇ ಬೇರೆ ಆರ್‌ಒ ಇಟ್ಟು, ಅದರಿಂದ ಹೊರಬರುವ ನೀರಿಗೆ ಡಿಐ ರೆಸಿನ್ನಿನ, ಅಂದರೆ ಮಿಕ್ಕ ಲವಣಗಳನ್ನು ಹೀರುವ ಹರಳುಗಳ, ಕೊಳವೆ ಜೋಡಿಸಿ, ಟಿಡಿಎಸ್ ಮೀಟರ್ (ನೀರಿನಲ್ಲಿ ಕರಗಿದ ಲವಣ ಅಳೆಯುವ ಸಾಧನ) ಸೊನ್ನೆ ತೋರಿಸುವ ನೀರನ್ನಷ್ಟೇ ಬಳಸಿ. ನಮ್ಮ ಜಿಲ್ಲೆಯ ಕೊಳವೆಬಾವಿಗಳ ನೀರಿನಲ್ಲಿ ಗಡಸು ಹೆಚ್ಚು, ಮುಂಡರಗಿಯ ಕಡೆ ಫ್ಲೋರೈಡೂ ಹೆಚ್ಚು. ನನ್ನ ಮನೆಯಲ್ಲಿ ಆರ್‌ಒದೊಳಗಿನ ನೀರು ಸೋಸುವ ಪೊರೆ ಬೇಗ ಕಟ್ಟಿಕೊಳ್ಳುತ್ತದೆ. ನಿಮಗೆ ಮಲಪ್ರಭೆಯ ನೀರು ಬರುವುದರಿಂದ ಅಷ್ಟು ಕಷ್ಟವಾಗಲಿಕ್ಕಿಲ್ಲ. ನಲ್ಲಿ ಬರುವ ದಿನವೇ ಮುಂದಿನ ಸರದಿಯವರೆಗೆ ಬೇಕಾದಷ್ಟನ್ನು ಸೋಸಿ ಡ್ರಮ್ಮಿನಲ್ಲಿ ಮುಚ್ಚಿಡಿ, ಮತ್ತು ಕ್ಲೋರಿನ್ ಪೊರೆಯನ್ನು ತಿನ್ನದಂತೆ, ನೀರು ಆರ್‌ಒಗೆ ಸೇರುವ ಮುಂಚೆ ಇಂಗಾಲದ ಫಿಲ್ಟರ್ ಇರಲಿ.

ಕಾರವಾರದ ನೀರಿನ ವಿಚಾರ. ಹುಬ್ಬಳ್ಳಿಯಿಂದ ನೂರೈವತ್ತು ಕಿಲೋಮೀಟರಿಗೂ ಹೆಚ್ಚು ದಾರಿ ಹೋಗಿ ತರುವುದು ದಂಡೆಯ ನೀರನ್ನು. ಅಲ್ಲಿ ಕಾಳಿ ನದಿ ಸೇರುತ್ತದೆ, ಬಂದರಿನ ಎಣ್ಣೆ ಇರುತ್ತದೆ. ಮಳೆಗಾಲದಲ್ಲಿ ಆ ನೀರು ಕೆಂಪಾಗಿ, ಉಪ್ಪು ಅರ್ಧಕ್ಕೆ ಇಳಿದಿರುವುದೂ ಉಂಟು. ದೋಣಿಯಲ್ಲಿ ಒಳಗೆ ಹೋಗಿ ತರುವ ಏರ್ಪಾಡಿದ್ದರೆ ಮಾತು ಬೇರೆ. ಹಿಂದೊಮ್ಮೆ ಇನ್ನೊಬ್ಬರು, ಗೋಕರ್ಣದ ಬಳಿ ಸಾಣಿಕಟ್ಟೆಯಲ್ಲಿ ಸಮುದ್ರದ ನೀರಿನಿಂದಲೇ ಉಪ್ಪು ತೆಗೆಯುತ್ತಾರಲ್ಲ, ಅದನ್ನೇ ಕರಗಿಸಿದರೆ ಮತ್ತೆ ಸಮುದ್ರವಾಗುವುದಿಲ್ಲವೇ ಎಂದು ಕೇಳಿದ್ದರು. ಆಗುವುದಿಲ್ಲ, ಕಾರಣ ಸ್ವಾರಸ್ಯವಾಗಿದೆ. ಗದ್ದೆಯಲ್ಲಿ ನೀರು ಬತ್ತುವಾಗ ಎಲ್ಲ ಲವಣಗಳೂ ಒಟ್ಟಿಗೆ ಹರಳುಗಟ್ಟುವುದಿಲ್ಲ. ಮೊದಲು ಸುಣ್ಣ ಮತ್ತು ಜಿಪ್ಸಮ್ ತಳ ಸೇರುತ್ತವೆ, ಆಮೇಲೆ ನಾವು ತಿನ್ನುವ ಉಪ್ಪು ಕಟ್ಟುತ್ತದೆ, ಮೆಗ್ನೀಸಿಯಮ್ ಮತ್ತು ಪೊಟ್ಯಾಸಿಯಮ್ ಕೊನೆಯ ಕಹಿನೀರಿನಲ್ಲೇ ಉಳಿದುಬಿಡುತ್ತವೆ. ಒಂದು ಲೀಟರ್ ಸಮುದ್ರದ ನೀರಿನಲ್ಲಿರುವ 35 ಗ್ರಾಂ ಲವಣದಲ್ಲಿ ಮೆಗ್ನೀಸಿಯಮ್ 1.3 ಗ್ರಾಂ, ಕ್ಯಾಲ್ಸಿಯಮ್ 0.4 ಗ್ರಾಂ ಇರುತ್ತದೆ. ಬುಟ್ಟಿಗೆ ಬಂದ ಉಪ್ಪಿನಲ್ಲಿ ಇವು ಆ ಪ್ರಮಾಣದಲ್ಲಿರುವುದಿಲ್ಲ.

ಏಲಕ್ಕಿ_ಪೇಟೆ, ಹಾವೇರಿ

ನೀರು, ತಿನಿಸು ಎರಡರ ಬಗ್ಗೆಯೂ ಹಿರಿಯರು ಹೇಳಿದ್ದಾರೆ. ಮೂರನೆಯದನ್ನು ಯಾರೂ ಕೇಳಲಿಲ್ಲ: ಹೊಸ ಮೀನನ್ನು ಬೇರೆ ತೊಟ್ಟಿಯಲ್ಲಿ ಎಷ್ಟು ದಿನ ಇಟ್ಟಿದ್ದಿರಿ? ಬರಹದಿಂದ ತಿಳಿಯುವಂತೆ ಒಂದು ದಿನವೂ ಇಟ್ಟಿಲ್ಲ.

ಪಾತರಗಿತ್ತಿ ಮೀನುಗಳ ಮೈಮೇಲೆ ಚಪ್ಪಟೆ ಹುಳುಗಳು ಬಹಳ ಸಲ ಕಾಣದಂತೆ ಅಂಟಿಕೊಂಡು ಬರುತ್ತವೆ. ಅವು ಗಾಜಿನಂತೆ ಪಾರದರ್ಶಕ; ಕಣ್ಣಿಗೆ ಕಾಣುವುದಿಲ್ಲ, ಆದರೆ ಮೀನು ಉಣ್ಣುವುದನ್ನು ಬಿಡುತ್ತದೆ, ಕಿವಿರನ್ನು ಒಂದೇ ಕಡೆ ಆಡಿಸುತ್ತದೆ. ನನ್ನ ರಕೂನ್ ಬಂದಾಗ ಹೀಗೆಯೇ ಆಗಿತ್ತು. ತೊಟ್ಟಿಯಷ್ಟೇ ಉಷ್ಣತೆ, ಅಷ್ಟೇ ಪಿಎಚ್ ಇರುವ ಸಿಹಿನೀರನ್ನು ಕಪ್ಪು ಬುಟ್ಟಿಯಲ್ಲಿ ತುಂಬಿ, ಗಾಳಿಯ ಕಲ್ಲು ಹಾಕಿ, ಮೀನನ್ನು ಐದು ನಿಮಿಷ ಅದರಲ್ಲಿ ಬಿಟ್ಟೆ. ಎರಡನೆಯ ನಿಮಿಷಕ್ಕೆ ಅದರ ಮೈಮೇಲೆ ಎಲ್ಲಿಂದಲೋ ಬಿಳಿ ಚುಕ್ಕೆಗಳು ಮೂಡಿದವು. ಸಿಹಿನೀರಿಗೆ ಹುಳುಗಳು ಬೆಳ್ಳಗಾಗಿದ್ದವು. ಮೀನನ್ನು ತೆಗೆದ ಮೇಲೆ ಬುಟ್ಟಿಯ ತಳದಲ್ಲಿ ರವೆ ಚೆಲ್ಲಿದಂತೆ ಅವು ಬಿದ್ದಿದ್ದವು, ಇಪ್ಪತ್ತಕ್ಕಿಂತ ಹೆಚ್ಚು ಎಣಿಸಿದೆ. ಆಮೇಲೆ ಪ್ರಾಜಿಕ್ವಾಂಟೆಲ್ ಔಷಧಿಯನ್ನು ವಾರದ ಅಂತರದಲ್ಲಿ ಎರಡು ಸಲ ಕೊಟ್ಟೆ. ಎರಡನೆಯ ಸಲ ಯಾಕೆಂದರೆ ಮೊದಲನೆಯದು ಮೊಟ್ಟೆಗಳನ್ನು ಕೊಲ್ಲುವುದಿಲ್ಲ.

ಬಿಳಿಚುಕ್ಕೆ ರೋಗದ ಕಥೆ ಇನ್ನೂ ಉದ್ದ. ಕ್ರಿಪ್ಟೊಕ್ಯಾರಿಯಾನ್ ಎಂಬ ಆ ಪರಾವಲಂಬಿ ಮೀನಿನ ಮೈಮೇಲೆ ಕೆಲವು ದಿನವಿದ್ದು, ಉದುರಿ, ಮರಳಿನಲ್ಲಿ ಗೂಡು ಕಟ್ಟಿ, ವಾರಗಟ್ಟಲೆ ಸುಮ್ಮನಿದ್ದು ಮತ್ತೆ ಏಳುತ್ತದೆ. ಒಮ್ಮೆ ತೊಟ್ಟಿಗೆ ಸೇರಿದರೆ ಎಲ್ಲ ಮೀನುಗಳನ್ನೂ ಹೊರತೆಗೆದು 76 ದಿನ ತೊಟ್ಟಿಯನ್ನು ಖಾಲಿ ಬಿಡಬೇಕೆಂಬುದು ಹವ್ಯಾಸಿಗಳಲ್ಲಿ ರೂಢಿಯಾದ ಲೆಕ್ಕ. ಆದ್ದರಿಂದ ನನ್ನ ನಿಯಮ ಕಟ್ಟುನಿಟ್ಟು: ಯಾವ ಮೀನೇ ಬರಲಿ, ಮೂವತ್ತು ದಿನ ಬರಿಯ ತೊಟ್ಟಿಯಲ್ಲಿ, ಈ ಪರಾವಲಂಬಿಯನ್ನು ಕೊಲ್ಲುವ ತಾಮ್ರದ ಔಷಧಿಯಲ್ಲಿ. ಮೊದಲ ದಿನದಿಂದಲೇ.

ರಕೂನ್ ಬಗ್ಗೆ ಒಂದು ಮಾತು. ತಿನಿಸಿಗೆ ಅದರಷ್ಟು ಸುಲಭದ ಪಾತರಗಿತ್ತಿ ಮೀನನ್ನು ನಾನು ಕಂಡಿಲ್ಲ. ಮೂರನೆಯ ದಿನವೇ ಗುಳಿಗೆ ತಿಂದಿತು. ಇದರ ಬಳಗದ ಉಳಿದವು ರಾತ್ರಿ ಕಲ್ಲಿನ ಮರೆಗೆ ಸೇರಿ ಬಣ್ಣ ಕುಂದಿಸಿಕೊಂಡು ಮಲಗಿದರೆ, ಇದು ಕತ್ತಲಾದ ಮೇಲೆಯೇ ಚುರುಕಾಗಿ ಓಡಾಡುತ್ತದೆ.

ಉಣಕಲ್_ಉಪ್ಪುನೀರು, ಹುಬ್ಬಳ್ಳಿ

ಬಸವನಹುಳುಗಳ ಸಾಲನ್ನು ನಾನು ಓದಿಯೂ ಓದದಂತೆ ದಾಟಿಹೋಗಿದ್ದೆ. ಗದಗದವರು ಹಿಡಿದದ್ದು ಸರಿ.

ಹಾವೇರಿಯವರ ಜೊತೆ ಒಂದು ತಕರಾರಿದೆ. ಬೇರೆ ಇಡಬೇಕೆಂಬುದಕ್ಕೆ ಎರಡು ಮಾತಿಲ್ಲ. ಆದರೆ ಮೊದಲ ದಿನದಿಂದಲೇ ತಾಮ್ರ ಎಂಬ ನಿಯಮ ರಕೂನಿಗೆ ಸರಿ, ಕಾಪರ್‌ಬ್ಯಾಂಡಿಗೆ ಅದೇ ಮರಣಶಾಸನ. ನನ್ನ ಎರಡನೆಯ ಮೀನನ್ನು ನಾನು ಕಳೆದುಕೊಂಡದ್ದು ಹಾಗೆಯೇ. ತಾಮ್ರದ ನೀರು ಮೀನಿನ ಹಸಿವನ್ನು ಕುಗ್ಗಿಸುತ್ತದೆ, ಮತ್ತು ನಾಲ್ಕು ಗಾಜು, ಒಂದು ಪಿವಿಸಿ ತುಂಡು ಬಿಟ್ಟರೆ ಏನೂ ಇಲ್ಲದ ತೊಟ್ಟಿಯಲ್ಲಿ ಅಂಜುಬುರುಕ ಮೀನು ಬಾಯಿ ತೆರೆಯುವುದೇ ಇಲ್ಲ. ನಾನು ಮೂರನೆಯದಕ್ಕೆ ಮಾಡಿದ್ದು ಹೀಗೆ: ಬೇರೆ ತೊಟ್ಟಿಯ ಮೂರು ಬದಿಗೆ ಕಪ್ಪು ಕಾಗದ ಅಂಟಿಸಿದೆ, ಸೆರಾಮಿಕ್ ಕಲ್ಲೊಂದನ್ನು ಇಟ್ಟೆ, ದೀಪ ಮಂಕಾಗಿಸಿದೆ. ಮೊದಲ ಹತ್ತು ದಿನ ಯಾವ ಔಷಧಿಯನ್ನೂ ಮುಟ್ಟದೆ ಬರೀ ಉಣಿಸಿದೆ. ದಿನಕ್ಕೆ ಮೂರು ಸಲ ತಿನ್ನುವುದು ಖಚಿತವಾದ ಮೇಲೆ ಪ್ರಾಜಿಕ್ವಾಂಟೆಲ್ ಕೊಟ್ಟೆ. ತಾಮ್ರ ಬೇಕೇ ಬೇಕೆಂದಾದರೆ ಕಲ್ಲನ್ನು ತೆಗೆದು, ಒಂದೇ ದಿನ ಪೂರ್ತಿ ಹಾಕದೆ ನಾಲ್ಕೈದು ದಿನಗಳಲ್ಲಿ ನಿಧಾನವಾಗಿ ಏರಿಸಬೇಕು. ದೊಡ್ಡ ತೊಟ್ಟಿಗೆ ಅದರ ಒಂದು ಹನಿಯೂ ಬೀಳಬಾರದು. ರೋಗ ಕಣ್ಣಿಗೆ ಕಂಡರೆ ಮಾತು ಬೇರೆ, ಆಗ ಕಾಯುವ ಹಾಗಿಲ್ಲ.

ಏಲಕ್ಕಿ_ಪೇಟೆ, ಹಾವೇರಿ

ಕಾಪರ್‌ಬ್ಯಾಂಡ್ ನಾನು ಸಾಕಿಲ್ಲ, ಆದ್ದರಿಂದ ಅದರ ಮಟ್ಟಿಗೆ ನಿಮ್ಮ ಮಾತನ್ನು ಒಪ್ಪುತ್ತೇನೆ. ಉಳಿದವಕ್ಕೆ ನನ್ನ ಮೂವತ್ತು ದಿನ ನನಗಿರಲಿ.

ಕೆಲಗೇರಿ_ದಂಡೆ, ಧಾರವಾಡ

ಎಲ್ಲರಿಗೂ ಕೃತಜ್ಞತೆಗಳು. ಗದಗದವರ ಉತ್ತರ ಓದಿದ ರಾತ್ರಿಯೇ ಅಡುಗೆಮನೆಗೆ ಹೋಗಿ ಯಂತ್ರದ ಮೇಲಿನ ಬರಹ ಓದಿದೆ. ಮುಂಭಾಗದಲ್ಲಿ, ನೀರಿನ ಹನಿಯ ಚಿತ್ರದ ಕೆಳಗೆ, ಹೊನ್ನಿನ ಬಣ್ಣದ ಅಕ್ಷರಗಳಲ್ಲಿ ಕಾಪರ್ ಎಂದು ಬರೆದಿದೆ. ಎರಡು ವರ್ಷದಿಂದ ದಿನವೂ ಅದರ ಎದುರು ನಿಂತು ಲೋಟ ಹಿಡಿದಿದ್ದೇನೆ, ಒಮ್ಮೆಯೂ ಓದಿರಲಿಲ್ಲ. ಟಿಡಿಎಸ್ ಮೀಟರ್ ಇಟ್ಟು ನೋಡಿದರೆ 70 ತೋರಿಸಿತು. ತಾಮ್ರದ ಕಿಟ್ ನಿನ್ನೆ ಬಂತು. ತೊಟ್ಟಿಯ ನೀರಿನ ಗಾಜಿನ ನಳಿಕೆಯಲ್ಲಿ ಬಣ್ಣ ತೆಳುವಾಗಿ, ಆದರೆ ಸಂಶಯಕ್ಕೆ ಎಡೆಯಿಲ್ಲದಂತೆ ಮೂಡಿತು. ತಾಮ್ರದ ಪಟ್ಟೆಯ ಮೀನಿಗೆ ನಾನೇ ತಾಮ್ರ ಕುಡಿಸಿದ್ದೆ ಎಂದು ಮನೆಯಲ್ಲಿ ಹೇಳಿದಾಗ ನಮ್ಮ ತಾಯಿ, ಇನ್ನಾದರೂ ಕುಡಿಯುವ ನೀರನ್ನು ಮೀನಿಗೆ ಹಾಕುವುದನ್ನು ಬಿಡು ಎಂದರು. ಅವರ ತಕರಾರು ಮೊದಲಿನಿಂದಲೂ ಅದೇ ಇತ್ತು.

ತೊಟ್ಟಿಗೆ ಬೇರೆ ಆರ್‌ಒ ಮತ್ತು ಡಿಐ ಕೊಳವೆಗೆ ಹೇಳಿದ್ದೇನೆ. ಅಲ್ಲಿಯವರೆಗೆ ತಾಮ್ರ ಹೀರುವ ರೆಸಿನ್ನಿನ ಚೀಲವನ್ನು ಫಿಲ್ಟರಿನಲ್ಲಿ ಇಟ್ಟಿದ್ದೇನೆ. ದೊಡ್ಡ ತೊಟ್ಟಿಯ ಯೋಚನೆ ಇದೆ, ಆದರೆ ನಮ್ಮದು ಮೊದಲ ಮಹಡಿ. 450 ಲೀಟರ್ ನೀರು, ಗಾಜು, ಕಲ್ಲು, ಕಬ್ಬಿಣದ ಸ್ಟ್ಯಾಂಡು ಸೇರಿದರೆ ಆರು ನೂರು ಕಿಲೋ ದಾಟುತ್ತದೆ. ಮನೆ ಕಟ್ಟಿದ ಎಂಜಿನಿಯರ್ ಬಂದು ತೊಲೆಯ ಮೇಲೆ, ಗೋಡೆಗೆ ಒತ್ತಿ ಇಡುವುದಾದರೆ ನೋಡೋಣ ಎಂದಿದ್ದಾರೆ. ಎರಡು ಪ್ರಶ್ನೆ ಉಳಿದಿವೆ. ಏಪ್ರಿಲ್ ತಿಂಗಳಲ್ಲಿ ಕೋಣೆ 34 ಡಿಗ್ರಿ ಮುಟ್ಟುತ್ತದೆ, ನೀರು ತಂಪಾಗಿಸುವ ಚಿಲ್ಲರ್ ಯಂತ್ರ ಇಲ್ಲದೆ ಸಾಗುತ್ತದೆಯೇ? ಹುಬ್ಬಳ್ಳಿಯಲ್ಲಿ ನೀಲಿಕಲ್ಲು ಯಾವಾಗ ಸಿಗುತ್ತದೆ?

ಭೀಷ್ಮಕೆರೆ, ಗದಗ

ಚಿಲ್ಲರ್ ಇಲ್ಲದೆ ಸಾಗುವುದಿಲ್ಲ. ನೀರಿನ ಮೇಲೆ ಫ್ಯಾನು ಬೀಸಿದರೆ ಎರಡು ಮೂರು ಡಿಗ್ರಿ ಇಳಿಯುತ್ತದೆ. 34ರಿಂದ 31ಕ್ಕೆ ಬಂದರೆ ಕ್ಲೌನ್ ಮೀನು ತಾಳಬಹುದು, ಪಾತರಗಿತ್ತಿ ಮೀನನ್ನು ಆ ಪರೀಕ್ಷೆಗೆ ಒಡ್ಡಬೇಡಿ. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ, ಉಪ್ಪುನೀರಿನಲ್ಲಿ ಇನ್ನೂ ಕಡಿಮೆ. ಬೇಸಿಗೆಯ ಮಧ್ಯಾಹ್ನ ಕರೆಂಟು ಹೋದಾಗ ನಿಮಗಿರುವ ಸಮಯ ಬಹಳ ಸ್ವಲ್ಪ. ಚಿಲ್ಲರನ್ನು ಮನೆಯ ಇನ್ವರ್ಟರ್ ಎಳೆಯಲಾರದು, ಆದರೆ ಒಂದು ಪಂಪು ಮತ್ತು ಗಾಳಿಯ ಯಂತ್ರವನ್ನು ಎಳೆಯುತ್ತದೆ. ಅವೆರಡನ್ನು ಈಗಲೇ ಅದಕ್ಕೆ ಜೋಡಿಸಿಬಿಡಿ.

ಉಣಕಲ್_ಉಪ್ಪುನೀರು, ಹುಬ್ಬಳ್ಳಿ

ನೀಲಿಕಲ್ಲು ಚಳಿಗಾಲದಿಂದ ಮೇ ತಿಂಗಳವರೆಗೆ ಬರುತ್ತದೆ, ಆದರೆ ದಿನವೂ ಅಲ್ಲ. ಕರಾವಳಿಯ ಗಾಡಿಗಳು ಬರುವ ಬೆಳಿಗ್ಗೆ ಮೀನು ಮಾರುಕಟ್ಟೆಯಲ್ಲಿ ವಿಚಾರಿಸಬೇಕು, ಮುಂಚೆಯೇ ಹೇಳಿಟ್ಟರೆ ತಂದುಕೊಡುತ್ತಾರೆ. ಮಳೆ ಹಿಡಿದ ಮೇಲೆ ಸಿಗುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ನಿಷೇಧ ಇರುವುದರಿಂದ ಗಾಡಿಗಳೇ ಕಡಿಮೆ. ನಾನು ಮೇ ತಿಂಗಳಲ್ಲಿ ನಾಲ್ಕು ಕಿಲೋ ತಂದು, ಬಿಡಿಸಿ, ಮಾಂಸ ಅಂಟಿದ ಅರ್ಧ ಚಿಪ್ಪುಗಳನ್ನು ಒಂದೊಂದಾಗಿ ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಫ್ರೀಜರಿನಲ್ಲಿಡುತ್ತೇನೆ. ಮನೆಯಲ್ಲಿ ಸಸ್ಯಾಹಾರಿಗಳಿದ್ದರೆ ಅದಕ್ಕೆ ಬೇರೆ ಸಣ್ಣ ಫ್ರೀಜರ್ ಕೊಳ್ಳಬೇಕಾಗುತ್ತದೆ, ನಾನು ಕೊಂಡಿದ್ದೇನೆ. ಬಾಯಿ ಬಿಟ್ಟುಕೊಂಡಿರುವ ಚಿಪ್ಪನ್ನು ಬೆರಳಿನಿಂದ ತಟ್ಟಿ; ಮುಚ್ಚಿಕೊಳ್ಳದಿದ್ದರೆ ಅದು ಸತ್ತಿದೆ, ತರಬೇಡಿ.

ಮೀನನ್ನು ಮಾತ್ರ ಈಗಲೇ ತರಬೇಡಿ. ತಾಮ್ರದ ಕಿಟ್ಟಿನಲ್ಲಿ ಬಣ್ಣ ಮೂಡುವುದು ನಿಂತ ಮೇಲೆ ನಾಲ್ಕು ಬಸವನಹುಳು ತಂದು ಬಿಡಿ. ಅವು ಎರಡು ತಿಂಗಳು ಬದುಕಿ, ರಾತ್ರಿ ಟಾರ್ಚ್ ಹಿಡಿದು ನೋಡಿದಾಗ ಕಲ್ಲಿನ ಸಂದಿಯಲ್ಲಿ ಸಣ್ಣ ಹುಳುಗಳು ಸರಿದಾಡುವುದು ಕಂಡರೆ ಇಲ್ಲಿ ಬರೆಯಿರಿ, ಹುಬ್ಬಳ್ಳಿಯ ಅಂಗಡಿಗೆ ನಾನೂ ಜೊತೆಗೆ ಬರುತ್ತೇನೆ.